ಅಳಿಯನ ಕಾರ್ಡು ಮತ್ತು ನಮ್ಮ ಪಿ.ಟಿ. ಮಾಸ್ಟ್ರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ವರ್ಷ ಎರಡು ತಿಂಗಳ ಕಾಲ ಅವರ ಹೆಸರು, ತಂದೆಯ ಹೆಸರು, ಪ್ರಾಯ, ಮನೆ ನಂಬರು ಎಲ್ಲವೂ ಬೇಕಾದಷ್ಟು ಕಾಗದಗಳ ಮೇಲೆ ಬಂದಿವೆ. ಪ್ರತಿಸಲವೂ ಪಕ್ಕದಲ್ಲಿ ‘ಆರೋಪಿ’ ಎಂದು ಇರುತ್ತಿತ್ತು. ಇನ್ನೊಂದು ಕಾಗದದ ಮೇಲೆ ಅದು ಬರುವುದು ಬೇಡ. ಶಾಲೆಯಲ್ಲಿ ನಾವೆಲ್ಲ ಅವರನ್ನು ಪಿ.ಟಿ. ಮಾಸ್ಟ್ರು ಎಂದು ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ಕೇಸು ಇತ್ಯರ್ಥವಾದ ಎಂಟನೇ ತಿಂಗಳಿಗೆ ಅವರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹಾಗೆಯೇ ಗೋಡೆಗೆ ಒರಗಿದರಂತೆ. ಇದು ಅವರ ಅಕ್ಕ ಹೇಳಿದ್ದು, ನಾನು ನೋಡಿದ್ದಲ್ಲ. ನೋಡಿದ್ದನ್ನು ಮತ್ತು ಕೇಳಿದ್ದನ್ನು ಬೇರೆ ಬೇರೆ ಇಡುವ ಅಭ್ಯಾಸ ನನಗೆ ಆ ಹದಿನಾಲ್ಕು ತಿಂಗಳಲ್ಲಿ ಬಂತು, ಇನ್ನೂ ಹೋಗಿಲ್ಲ. ಆ ಕೇಸಿನಲ್ಲಿ ನಾನು ಸಾಕ್ಷಿಯಾಗಿದ್ದೆ. ಸಾಕ್ಷಿಗಳ ಪಟ್ಟಿಯಲ್ಲಿ ನನ್ನದು ನಾಲ್ಕನೆಯ ಹೆಸರು.

ಮೂಡುಬಿದಿರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ನಾವಿಬ್ಬರೂ ಒಟ್ಟಿಗೆ ಇದ್ದೆವು. ನಾನು ಗಣಿತದ ಟೀಚರು. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಕಿಟಕಿಯ ಪಕ್ಕ. ಅವರಿಗೆ ಕುರ್ಚಿ ಇದ್ದರೂ ಕೂತದ್ದನ್ನು ನೋಡಿದವರು ಕಡಿಮೆ. ಬಾಗಿಲ ದಾರಂದಕ್ಕೆ ಭುಜ ಕೊಟ್ಟು ನಿಲ್ಲುವುದು ಅವರ ಕ್ರಮ. ಉದ್ದ ಆಳು, ಕಪ್ಪು ಮೈಬಣ್ಣ, ತಲೆಯ ಮೇಲೆ ಒಂದೇ ಒಂದು ಕಡೆ ಬಿಳಿ ಕೂದಲು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಸೀಟಿ. ಆ ಸೀಟಿಯನ್ನು ಅವರು ಊದಿದ್ದಕ್ಕಿಂತ ಊದದೆ ಬರೀ ತುಟಿಗೆ ಇಟ್ಟದ್ದೇ ಹೆಚ್ಚು. ಅಷ್ಟಕ್ಕೇ ಗ್ರೌಂಡು ಸುಮ್ಮನಾಗುತ್ತಿತ್ತು.

ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ, “ಹುಡುಗಿಯರ ಟೀಮು ಉಂಟು, ಹುಡುಗರ ಟೀಮು ಉಂಟು, ಇನ್ನೊಂದು ಟೀಮು ಕಟ್ಲಿಕ್ಕೆ ಪುರುಸೊತ್ತು ಎಲ್ಲಿ ಮಾರಾಯ್ರೆ?” ಎನ್ನುತ್ತಿದ್ದರು. ನಿಜವಾದ ಕಾರಣ ಬೇರೆ. ಅವರ ಅಕ್ಕನ ಗಂಡ ಬೇಗ ತೀರಿಕೊಂಡಿದ್ದರು. ಒಬ್ಬನೇ ಮಗ. ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ಅಕ್ಕನ ಮಗ ಎಂದರೆ ಸ್ವಂತ ಮಗನಿಗಿಂತ ಹತ್ತಿರದವನು. ಸೋದರಮಾವನ ಆಸ್ತಿ ಅವನಿಗೇ ಹೋಗುವುದು, ಅವನನ್ನು ದಡ ಸೇರಿಸುವ ಭಾರವೂ ಮಾವನದ್ದೇ. ಮಾಸ್ಟ್ರು ಆ ಭಾರವನ್ನು ಹೊತ್ತರು. ಅಳಿಯನ ಶಾಲೆಯ ರಿಜಿಸ್ಟರಿನಲ್ಲಿ ಪೋಷಕರ ಕಾಲಂನಲ್ಲಿ ಇವರ ಸಹಿಯೇ ಇತ್ತು. ಹುಡುಗ ಕಲಿತು, ಮಸ್ಕತ್ತಿಗೆ ಹೋಗಿ, ಒಳ್ಳೆಯ ಕೆಲಸದಲ್ಲಿ ನಿಂತ.

ಅವರಲ್ಲಿ ಎರಡು ಗುಣ ಎದ್ದು ಕಾಣುತ್ತಿದ್ದವು. ಒಂದು, ಆಟದಲ್ಲಿ ಕೈ ಎತ್ತಿಸುವುದು. ವಾಲಿಬಾಲಿನಲ್ಲಿ ಚೆಂಡು ಬೆರಳಿಗೆ ಸವರಿ ಹೊರಗೆ ಹೋದರೆ, ರೆಫ್ರಿ ನೋಡಲಿ ಬಿಡಲಿ, ತಾಗಿದವಳು ತಾನೇ ಕೈ ಎತ್ತಬೇಕು. ಒಂದು ಸಲ ತಾಲೂಕು ಮಟ್ಟದ ಫೈನಲ್ಲಿನಲ್ಲಿ ನಮ್ಮ ಹುಡುಗಿಯೊಬ್ಬಳು ಕೈ ಎತ್ತಿ, ಆ ಒಂದು ಪಾಯಿಂಟಿನಿಂದಲೇ ನಾವು ಸೋತೆವು. ನಾನು ಅಲ್ಲಿದ್ದೆ. ಹೆಡ್ ಮಾಸ್ಟ್ರು ಮುಖ ದಪ್ಪ ಮಾಡಿ, “ಎಂತ ಮಾರಾಯ್ರೆ, ರೆಫ್ರಿಯೇ ಕೊಟ್ಟಿರಲಿಲ್ಲ!” ಎಂದರು. ಇವರು ಹೇಳಿದ್ದು ಇಷ್ಟೆ: “ಬೆರಳು ಅವಳದ್ದಲ್ವಾ ಸರ್. ರೆಫ್ರಿಯದ್ದಲ್ಲ.”

ಇನ್ನೊಂದು, ಹೋಟೆಲಿನಲ್ಲಿ ಬಿಲ್ಲಿನ ಹಣವನ್ನು ಬೇರೆಯವರು ಕೊಡಲು ಬಿಡದೆ ಇರುವುದು. ಚಹಾ ಕುಡಿಯಲು ಎಷ್ಟು ಜನ ಹೋದರೂ, ಎಲ್ಲರಿಗಿಂತ ಮೊದಲು ಎದ್ದು, ಕೈ ತೊಳೆಯುವ ನೆಪದಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಬರುತ್ತಿದ್ದರು. ಯಾರಾದರೂ ತಡೆದರೆ ನಿಜವಾಗಿಯೇ ಬೇಸರ. “ನನಗೆ ಎಂತ ಖರ್ಚುಂಟು ಟೀಚರ್? ಹೆಂಡತಿಯಾ, ಮಕ್ಕಳಾ?” ಹತ್ತೊಂಬತ್ತು ವರ್ಷದಲ್ಲಿ ನಾನು ಅವರಿಗೆ ಒಂದು ಲೋಟ ಚಹಾ ಕೊಡಿಸಿದ ನೆನಪಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಪ್ರತಿದಿನ ತೆಗೆದುಕೊಳ್ಳುವವರು ನಾವು ಎಂದು ಅಷ್ಟು ವರ್ಷ ನಮಗೆ ಯಾರಿಗೂ ಅನಿಸಲಿಲ್ಲ.

ಅವರದ್ದು ಆಡಳಿತ ಮಂಡಳಿಯ ನೇಮಕ. ನಿವೃತ್ತಿಯಾದ ಮೇಲೆ ಪಿಂಚಣಿ ಇಲ್ಲ. ಇದು ನಮಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಯೋಚಿಸಿರಲಿಲ್ಲ. ಮೂಡುಬಿದಿರೆಯ ಬಾಡಿಗೆ ಕೋಣೆ ಬಿಟ್ಟು ಬೆಳ್ತಂಗಡಿ ತಾಲೂಕಿಗೆ, ಗುರುವಾಯನಕೆರೆಯಿಂದ ಸ್ವಲ್ಪ ಒಳಗಿರುವ ಅಕ್ಕನ ಮನೆಗೆ ಹೋದರು. ಎರಡು ತಿಂಗಳು ಕಳೆದು ಒಮ್ಮೆ ಶಾಲೆಗೆ ಬಂದಿದ್ದರು. ಎಲ್ಲರೂ ಹೋಟೆಲಿಗೆ ಹೋದೆವು. ಅವರು ಕೈ ತೊಳೆಯಲು ಏಳುವಷ್ಟರಲ್ಲಿ ಹೊಸದಾಗಿ ಸೇರಿದ ವಿಜ್ಞಾನದ ಮಾಸ್ಟ್ರು ಮೊಬೈಲಿನಲ್ಲಿ ಬಿಲ್ಲು ಕೊಟ್ಟು ಮುಗಿಸಿದ್ದರು.

“ಇದು ಸರಿಯಲ್ಲ,” ಎಂದರು ಇವರು.

“ನೀವು ಈಗ ರಿಟೈರ್ಡ್ ಅಲ್ವಾ ಮಾಸ್ಟ್ರೇ, ಇನ್ನು ನಮ್ಮ ಪಾಳಿ,” ಎಂದು ಆ ಹುಡುಗ ನಗೆಯಾಡಿದರು.

ಮಾಸ್ಟ್ರೂ ನಕ್ಕರು. ತಟ್ಟೆಯಲ್ಲಿ ಅರ್ಧ ಬನ್ಸ್ ಇತ್ತು. ಅದನ್ನು ಅವರು ತಿನ್ನಲಿಲ್ಲ. ಇದು ನಾನು ನೋಡಿದ್ದು.

ಕಾರ್ಡಿನ ಸಂಗತಿ ಹೇಗೆ ಶುರುವಾಯಿತು ಎಂಬುದನ್ನು ಆಮೇಲೆ ಅವರೇ ನನಗೆ ಹೇಳಿದರು. ಅಳಿಯನ ಊರಿನ ಸಿಮ್ಮು ಮಾವನ ಹತ್ತಿರ ಇತ್ತು. ಗಲ್ಫಿನಲ್ಲಿರುವವರ ಮನೆಗಳಲ್ಲಿ ಇದು ಸಾಮಾನ್ಯ. ಊರಿನ ಬ್ಯಾಂಕಿನ ಒ.ಟಿ.ಪಿ. ಊರಿನ ನಂಬರಿಗೇ ಬರುತ್ತದೆ, ಯಾರಾದರೂ ನಂಬಿಕೆಯವರು ಅದನ್ನು ಓದಿ ಹೇಳಬೇಕು. ಇವರು ಆ ಸಿಮ್ಮನ್ನು ಒಂದು ಹಳೆಯ ಫೋನಿಗೆ ಹಾಕಿ, ಫೋನನ್ನು ಯಾವಾಗಲೂ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಒ.ಟಿ.ಪಿ. ಓದುವುದನ್ನು ನಾನೂ ಕೇಳಿದ್ದೇನೆ. ಆಟದ ಸ್ಕೋರು ಹೇಳುವ ಧ್ವನಿಯಲ್ಲಿ, ಒಂದೊಂದೇ ಅಂಕಿ, ನಡುವೆ ಉಸಿರು ಬಿಟ್ಟು. ಆ ಕಡೆಯಿಂದ ಅಳಿಯ, “ಮಾವ, ಬೇಗ ಹೇಳಿ, ಟೈಮ್ ಆಗ್ತದೆ!” ಎಂದು ಬೊಬ್ಬೆ ಹಾಕುತ್ತಿದ್ದ.

ಒಂದು ದಿನ ಅಳಿಯನ ಹೆಸರಿಗೆ ಬ್ಯಾಂಕಿನಿಂದ ಎರಡು ಕ್ರೆಡಿಟ್ ಕಾರ್ಡುಗಳು ಮನೆಯ ವಿಳಾಸಕ್ಕೆ ಬಂದವು. “ಕಪಾಟಿನಲ್ಲಿ ಇಡಿ ಮಾವ, ಬಂದಾಗ ತೆಗೆದುಕೊಳ್ತೇನೆ,” ಎಂದ ಅಳಿಯ. ಇವರು ಇಟ್ಟರು. ನಾಲ್ಕು ತಿಂಗಳು ಕಪಾಟಿನಲ್ಲೇ ಇದ್ದವು. ಐದನೇ ತಿಂಗಳಲ್ಲಿ ಒಬ್ಬ ಹಳೆಯ ಶಿಷ್ಯೆಯ ಮದುವೆಗೆ ಉಡುಗೊರೆ ಕೊಡಬೇಕಾಯಿತು. ಒಂದು ಕಾರ್ಡು ಹೊರಗೆ ಬಂತು. ಪಿನ್ನು ಮಾಡಿಕೊಳ್ಳಲು ಬೇಕಾದ ಒ.ಟಿ.ಪಿ. ಬರುವುದು ಅವರದ್ದೇ ಜೇಬಿಗೆ. ಖರ್ಚಾಯಿತೆಂದು ಬರುವ ಸಂದೇಶವೂ ಅದೇ ಜೇಬಿಗೆ. ಬಿಲ್ಲು ಅಳಿಯನ ಖಾತೆಯಿಂದ ತನ್ನಷ್ಟಕ್ಕೇ ಹೋಗುತ್ತಿತ್ತು. ಹೀಗೆ ಒಂದು ವರ್ಷಕ್ಕೆ ಹತ್ತಿರ ನಡೆಯಿತು.

ಆ ಪಟ್ಟಿಯನ್ನು ನಾನು ಆಮೇಲೆ ನೋಡಿದೆ. ಎಲ್ಲವೂ ಪರೋಪಕಾರಕ್ಕೆ ಎಂದು ಬರೆದರೆ ಸುಳ್ಳಾಗುತ್ತದೆ. ಹೋಟೆಲುಗಳು ತುಂಬಾ ಇದ್ದವು. ಮದುವೆಯ ಉಡುಗೊರೆಗಳು, ಒಂದು ಕ್ಲಬ್ಬಿಗೆ ವಾಲಿಬಾಲ್ ನೆಟ್ಟು, ಅಕ್ಕನ ಕಾಲುನೋವಿಗೆ ಒಂದು ಯಂತ್ರ. ಅವರಿಗೇ ಎಂದು ಒಂದು ಜೊತೆ ದುಬಾರಿ ಶೂ, ಒಂದು ವಾಚು. ಪಟ್ಟಿಯ ಕೆಳಭಾಗದಲ್ಲಿ ಬಂಟ್ವಾಳದ ಒಂದು ಕನ್ನಡಕದ ಅಂಗಡಿ. ಅದು ನನ್ನ ಕನ್ನಡಕ.

ಅದು ಹೀಗೆ ಆಯಿತು. ಒಂದು ಶನಿವಾರ ನಾನು ಮೂಡುಬಿದಿರೆಯಿಂದ ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಡ್ರೈವರು ಒಮ್ಮೆಲೇ ಬ್ರೇಕು ಹಾಕಿದಾಗ ಕನ್ನಡಕ ಕೆಳಗೆ ಬಿತ್ತು, ಯಾರದ್ದೋ ಕಾಲಡಿಗೆ ಸಿಕ್ಕಿ ಪುಡಿಯಾಯಿತು. ನನ್ನದು ದೊಡ್ಡ ಪವರು. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಇಳಿದಾಗ ಬಸ್ಸಿನ ಬೋರ್ಡೂ ಕಾಣುವುದಿಲ್ಲ, ಮನುಷ್ಯರ ಮುಖವೂ ಕಾಣುವುದಿಲ್ಲ. ಗೋಡೆ ಹಿಡಿದು ನಿಂತಿದ್ದೆ.

“ಟೀಚರ್, ಇದೆಂತ, ಕಳ್ಳನ ಹಾಗೆ ಗೋಡೆ ಹಿಡ್ಕೊಂಡು?” ಧ್ವನಿಯಿಂದ ಗುರುತು ಸಿಕ್ಕಿತು. ಅವರು ಅಲ್ಲಿ ಯಾವುದೋ ಮ್ಯಾಚು ನೋಡಲು ಬಂದಿದ್ದರಂತೆ.

ಕೈ ಹಿಡಿದು ರಸ್ತೆ ದಾಟಿಸಿ ಅಂಗಡಿಗೆ ಕರೆದುಕೊಂಡು ಹೋದರು. ಒಂದು ಗಂಟೆಯಲ್ಲಿ ಮಾಡಿಕೊಡುತ್ತೇವೆ ಎಂದರು ಅಂಗಡಿಯವರು. ನನ್ನ ಹೆಸರು, ಫೋನ್ ನಂಬರು ಬಿಲ್ಲಿನಲ್ಲಿ ಬರೆದುಕೊಂಡರು. ನನ್ನ ಪರ್ಸಿನಲ್ಲಿ ಅಷ್ಟು ಇರಲಿಲ್ಲ. ಸೋಮವಾರ ತಂದುಕೊಡುತ್ತೇನೆ ಎಂದು ಹೇಳಲು ಹೋದೆ. ಅಷ್ಟರಲ್ಲಿ ಮಾಸ್ಟ್ರು ಜೇಬಿನಿಂದ ಏನೋ ತೆಗೆದುಕೊಟ್ಟರು. ಯಂತ್ರ ಕುಂಯ್ ಎಂದಿತು.

“ಕಾರ್ಡು ಮಾಡಿಸಿಕೊಂಡ್ರಾ ಮಾಸ್ಟ್ರೇ?” ಎಂದು ಕೇಳಿದೆ.

“ನನಗೆ ಯಾರು ಕೊಡ್ತಾರೆ ಕಾರ್ಡು? ಅಳಿಯನದ್ದು. ಅವನಿಗೆ ಗೊತ್ತಿಲ್ಲ. ಗೊತ್ತಾದ್ರೂ ಎಂತ ಮಾಡ್ತಾನೆ? ನಗಾಡ್ತಾನೆ.”

ಅವರ ಮಾತು ಇಷ್ಟೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೇಳಿದ ಕೂಡಲೇ ನನಗೆ ಏನೋ ಸರಿಯಿಲ್ಲ ಎನಿಸಿತ್ತು. ಆದರೂ ಒಂದು ಗಂಟೆ ಕಳೆದು ಹೊಸ ಕನ್ನಡಕ ಹಾಕಿಕೊಂಡೆ, ಅವರ ಮುಖ ಸ್ಪಷ್ಟವಾಗಿ ಕಂಡಿತು, ಸಂತೋಷದಿಂದ ಇತ್ತು. ಮುಂದಿನ ವಾರ ಹಣ ಕೊಡಲು ಹೋದಾಗ, “ನನ್ನ ಮರ್ಯಾದೆ ತೆಗೀಬೇಡಿ ಟೀಚರ್,” ಎಂದರು. ನಾನು ಪರ್ಸು ಮುಚ್ಚಿದೆ.

ಮಸ್ಕತ್ತಿನಲ್ಲಿ ಅಳಿಯನ ಹೆಂಡತಿ ಒಂದು ದಿನ ಬ್ಯಾಂಕಿನ ಲೆಕ್ಕ ನೋಡುವಾಗ, ತಾವು ಮುಟ್ಟಿಯೂ ನೋಡದ ಕಾರ್ಡಿನಲ್ಲಿ ಊರಿನ ಅಂಗಡಿಗಳ ಹೆಸರು ಕಂಡು ಹೆದರಿದಳು. ಅಳಿಯನಿಗೆ ಮಾವನ ಮೇಲೆ ಸಂಶಯವೇ ಬರಲಿಲ್ಲ. ಕಾರ್ಡು ಕಪಾಟಿನಲ್ಲಿ ಭದ್ರ ಉಂಟು, ಯಾರೋ ವಂಚಕರು ನಂಬರು ಕದ್ದಿದ್ದಾರೆ ಎಂದೇ ಅವನ ನಂಬಿಕೆ. ಅಲ್ಲಿಂದಲೇ ಆನ್‌ಲೈನಿನಲ್ಲಿ ಪೊಲೀಸರಿಗೆ ದೂರು ಕೊಟ್ಟ. ನಾನು ಯಾರಿಗೂ ಕಾರ್ಡು ಬಳಸಲು ಅನುಮತಿ ಕೊಟ್ಟಿಲ್ಲ ಎಂದು ಅದರಲ್ಲಿ ಬರೆದಿದ್ದ. ದೂರು ಕೊಟ್ಟ ದಿನವೇ ಮಾವನಿಗೆ ಫೋನು ಮಾಡಿ, “ಜಾಗ್ರತೆ ಮಾವ, ಊರಿನಲ್ಲಿ ಕಳ್ಳರು ಜಾಸ್ತಿ ಆಗಿದ್ದಾರೆ,” ಎಂದನಂತೆ. ಮಾಸ್ಟ್ರು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಕಾರ್ಡನ್ನು ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟರು.

ಪೊಲೀಸರಿಗೆ ಮೂರು ವಾರ ಸಾಕಾಯಿತು. ಮನೆಗೆ ಬಂದವರಿಗೆ ಮಾಸ್ಟ್ರು ಬಾಗಿಲಲ್ಲೇ, “ನಾನೇ ತೆಗೆದದ್ದು. ಚಾ ಕುಡೀತೀರಾ?” ಎಂದರು ಎಂದು ಅವರ ಅಕ್ಕ ಹೇಳಿದ್ದಾರೆ. ಠಾಣೆಯಿಂದ ಫೋನು ಹೋದಾಗ ಅಳಿಯ ಎರಡೆರಡು ಸಲ ಹೆಸರು ಕೇಳಿದನಂತೆ. ಆಮೇಲೆ ದೂರು ಬೇಡ ಎಂದ. ಅಷ್ಟರಲ್ಲಿ ಕೇಸು ದಾಖಲಾಗಿತ್ತು. ಬೇಡ ಎಂದು ಫೋನಿನಲ್ಲಿ ಹೇಳಿದರೆ ಹೋಗುವ ಹಂತ ದಾಟಿತ್ತು.

ನನ್ನನ್ನು ಹುಡುಕಿಕೊಂಡು ಪೊಲೀಸಿನವರೊಬ್ಬರು ಶಾಲೆಗೇ ಬಂದರು. ಸಭ್ಯ ಮನುಷ್ಯ. ಲ್ಯಾಬಿನಲ್ಲಿ ಕೂತು ಮಾತಾಡಿದೆವು.

“ಬಿಲ್ಲಿನಲ್ಲಿರುವ ಹೆಸರು ನಿಮ್ಮದಾ ಟೀಚರ್?”

“ಹೌದು.”

“ಆ ಕನ್ನಡಕ ಎಲ್ಲುಂಟು?”

ನಾನು ಮೂಗಿನ ಕಡೆ ತೋರಿಸಿದೆ. ಅವರು ಅದನ್ನು ಒಂದು ಗಳಿಗೆ ನೋಡಿದರು. “ಕಾರ್ಡಿನ ಮೇಲೆ ಯಾರ ಹೆಸರಿತ್ತು, ನೋಡಿದ್ದೀರಾ?”

“ಇಲ್ಲ. ಆಗ ಕನ್ನಡಕ ಇರಲಿಲ್ಲ.”

ಅವರಿಗೆ ನಗು ಬಂತು. ಬರೆದುಕೊಂಡರು. ಅಂಗಡಿಯಲ್ಲಿ ಮಾಸ್ಟ್ರು ಏನಾದರೂ ಹೇಳಿದರಾ ಎಂದು ನನ್ನನ್ನು ಕೇಳಲಿಲ್ಲ. ನಾನು ಸುಳ್ಳು ಹೇಳಲಿಲ್ಲ. ಕೇಳದ್ದನ್ನು ಹೇಳಲೂ ಇಲ್ಲ. ‘ಅವನಿಗೆ ಗೊತ್ತಿಲ್ಲ’ ಎಂಬ ಮಾತು ನನ್ನೊಳಗೇ ಉಳಿಯಿತು. ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ಹೇಳಲೇಬೇಕು. ಹೇಳಿದರೆ, ಗೊತ್ತಿದ್ದೇ ಮಾಡಿದ್ದಾರೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಜೈಲು ಆಗಬಹುದು. ದಂಡದಲ್ಲೇ ಮುಗಿದರೂ ಶಿಕ್ಷೆಯಾದವ ಎಂಬ ಹೆಸರು ಸಾಯುವವರೆಗೂ ಹೋಗುವುದಿಲ್ಲ. ಆ ಹೆಸರು ನನ್ನ ಬಾಯಿಯಿಂದ ಬರಬೇಕು. ತರಗತಿಯಲ್ಲಿ ಲೆಕ್ಕ ಬಿಡಿಸುವಾಗಲೂ ಆ ಮಾತು ಬಂದು ಎದುರು ನಿಲ್ಲುತ್ತಿತ್ತು.

ಒಂದು ದಿನ ತಡೆಯಲಾರದೆ ವೇಣೂರು ದಾರಿಯ ಬಸ್ಸು ಹಿಡಿದು ಅಕ್ಕನ ಮನೆಗೆ ಹೋದೆ. ಮಾಸ್ಟ್ರು ಅಂಗಳದಲ್ಲಿ ನಿಂತಿದ್ದರು. ತೆಳ್ಳಗಾಗಿದ್ದರು. ಜೇಬು ಖಾಲಿ. ಫೋನು ಪೊಲೀಸರ ಹತ್ತಿರ ಇತ್ತು.

“ನೀವು ಯಾಕೆ ಹೀಗೆ ಮಾಡಿದ್ರಿ?” ಎಂದು ಕೇಳಿಯೇಬಿಟ್ಟೆ.

“ಮೊದಮೊದಲು ಒಂದು ಲೆಕ್ಕ ಹಾಕಿಕೊಂಡಿದ್ದೆ ಟೀಚರ್. ನನ್ನದೆಲ್ಲ ಅವನಿಗೇ ಹೋಗುವುದು. ಅವನದ್ದು ಸ್ವಲ್ಪ ನನಗೆ ಬಂದ್ರೆ ಎಂತ ಅಂತ. ನಿಮ್ಮ ಗಣಿತದಲ್ಲಿ ಅದು ಸರಿಯಾ?”

“ಸರಿಯಲ್ಲ.”

“ಗೊತ್ತುಂಟು. ಸರಿಯಿದ್ದಿದ್ರೆ ಅವನಿಗೆ ಒಂದು ಮಾತು ಹೇಳಿಯೇ ತೆಗೀತಿದ್ದೆ.” ಮತ್ತೆ ಹೇಳಿದರು: “ಕೇಳಲಿಕ್ಕೆ ಆಗಲಿಲ್ಲ. ಅವನ ಚಡ್ಡಿಗೆ ಗುಂಡಿ ಹಾಕಿದವ ನಾನು. ಅವನ ಎದುರು ಕೈ ನೀಡಿ, ಮಗಾ, ನನಗೆ ಖರ್ಚಿಗೆ ಬೇಕಿತ್ತು ಅನ್ನುವುದು ಹೇಗೆ? ಕದಿಯುವುದು ಅದಕ್ಕಿಂತ ಸುಲಭ ಆಯ್ತು. ಹಾಗೂ ಆಗ್ತದೆ ಟೀಚರ್.”

ಅಂಗಡಿಯಲ್ಲಿ ನೀವು ಹೇಳಿದ ಮಾತು ನನಗೆ ನೆನಪಿದೆ, ಕೋರ್ಟಿನಲ್ಲಿ ಕೇಳಿದರೆ ಏನು ಮಾಡಲಿ ಎಂದೆ.

“ಇದ್ದದ್ದನ್ನು ಹೇಳಿ. ನನಗೋಸ್ಕರ ನೀವು ಸುಳ್ಳು ಹೇಳಿದ್ರೆ ಅದು ಇನ್ನೊಂದು ಕಳ್ಳತನ.”

ಆರೋಪ ಓದಿ ಹೇಳುವ ದಿನ ಅಕ್ಕನ ಜೊತೆಗೆ ನಾನೂ ಬೆಳ್ತಂಗಡಿ ಕೋರ್ಟಿಗೆ ಹೋಗಿದ್ದೆ. ಇದೆಲ್ಲ ನಾನು ನೋಡಿದ್ದು. ಮ್ಯಾಜಿಸ್ಟ್ರೇಟರು ಹೆಂಗಸು, ಸಣ್ಣ ಧ್ವನಿ. ಆರೋಪ ವಿವರಿಸಿ, “ಅರ್ಥ ಆಯ್ತಾ? ಒಪ್ತೀರಾ, ವಿಚಾರಣೆ ಬೇಕಾ?” ಎಂದು ಕೇಳಿದರು.

ಮಾಸ್ಟ್ರು ಬಲಗೈಯನ್ನು ಭುಜಕ್ಕಿಂತ ಮೇಲೆ, ಬೆರಳು ಬಿಡಿಸಿ, ನೇರವಾಗಿ ಎತ್ತಿದರು.

“ಕೈ ಯಾಕೆ ಎತ್ತಿದ್ದು? ಬಾಯಲ್ಲಿ ಹೇಳಿ.”

ಅವರ ವಕೀಲರು, ಇನ್ನೂ ಸಣ್ಣ ಪ್ರಾಯದವರು, ಎದ್ದುನಿಂತು, “ಮೇಡಂ, ಒಂದು ದಿನಾಂಕ ಕೊಡಬೇಕು,” ಎಂದರು.

ಮ್ಯಾಜಿಸ್ಟ್ರೇಟರು ಮಾಸ್ಟ್ರನ್ನೇ ನೋಡಿದರು. “ನಿಮ್ಮ ವಕೀಲರ ಹತ್ತಿರ ಸರಿಯಾಗಿ ಮಾತಾಡಿದ್ದೀರಾ?”

“ಮಾತಾಡಿದ್ದೇನೆ ಮೇಡಂ. ಅವರು ಹೇಳಿದ್ದು ನನಗೆ ಸರಿ ಕಾಣಲಿಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಮುಂದಿನ ತಿಂಗಳಿಗೆ ದಿನಾಂಕ ಹಾಕಿದರು. ಜಗಲಿಗೆ ಬಂದ ಕೂಡಲೇ ವಕೀಲರು, “ಮಾಸ್ಟ್ರೇ, ಇದು ಗ್ರೌಂಡಲ್ಲ, ಕೋರ್ಟು! ಇಲ್ಲಿ ಕೈ ಎತ್ತಿದ್ರೆ ಒಳಗೆ ಹಾಕ್ತಾರೆ!” ಎಂದು ಮಂಡೆಬಿಸಿ ಮಾಡಿಕೊಂಡರು. ಮಾಸ್ಟ್ರು, “ಎರಡು ಕಡೆಯೂ ಗೆರೆ ಉಂಟಲ್ಲ ವಕೀಲರೇ,” ಎಂದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಇವನ ಗೆರೆಗೆ ಬೆಂಕಿ ಬೀಳಲಿ,” ಎಂದರು.

ಅಳಿಯ ಎರಡು ವಾರದ ರಜೆ ಹಾಕಿ ಊರಿಗೆ ಬಂದ. ಬಂದ ಮೂರನೇ ದಿನ ತೋಡಾರಿನಲ್ಲಿರುವ ನಮ್ಮ ಮನೆಗೆ ಬಂದ. ಚಿಕ್ಕವನಾಗಿದ್ದಾಗ ಸ್ಪೋರ್ಟ್ಸ್ ಡೇಗೆ ಮಾವನ ಬೆರಳು ಹಿಡಿದುಕೊಂಡು ಬರುತ್ತಿದ್ದ ಹುಡುಗ. ಕುರ್ಚಿಯ ತುದಿಯಲ್ಲಿ ಕೂತ.

“ಟೀಚರ್, ನೀವೊಂದು ಮಾತು ಹೇಳಿದ್ರೆ ಸಾಕು. ಕಾರ್ಡು ಅಳಿಯ ಕೊಟ್ಟದ್ದು ಅಂತ ಮಾವ ಅಂಗಡಿಯಲ್ಲಿ ಹೇಳಿದ್ರು ಅಂತ. ನಾನೂ ಹೌದು ಅಂತೇನೆ.”

“ಅವರು ಹಾಗೆ ಹೇಳಲಿಲ್ಲ.”

“ಎಂತ ಹೇಳಿದ್ರು ಹಾಗಾದ್ರೆ?”

ಆ ಮಾತನ್ನು ನಾನು ಮೊದಲ ಸಲ ಇನ್ನೊಬ್ಬರಿಗೆ ಹೇಳಿದ್ದು ಅವನಿಗೆ. ಅಂಗಡಿಯಲ್ಲಿ ಕೇಳಿದ ಹಾಗೆಯೇ ಹೇಳಿದೆ: ಅಳಿಯನದ್ದು. ಅವನಿಗೆ ಗೊತ್ತಿಲ್ಲ. ಗೊತ್ತಾದ್ರೂ ಎಂತ ಮಾಡ್ತಾನೆ? ನಗಾಡ್ತಾನೆ.

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಹೌದು ಟೀಚರ್, ನಗಾಡ್ತಿದ್ದೆ. ನನಗೆ ಗೊತ್ತಾಗಿದ್ದಿದ್ರೆ ನಗಾಡಿಕೊಂಡು ಇನ್ನೊಂದು ಕಾರ್ಡು ಕಳಿಸ್ತಿದ್ದೆ. ನಾನು ಎಂತ ಮಾಡಿದೆ? ಪೊಲೀಸ್ ಕಳಿಸಿದೆ.”

“ನಿನಗೆ ಗೊತ್ತಿರಲಿಲ್ಲ.”

“ಅವರ ಕೈಯಲ್ಲಿ ಖರ್ಚಿಗೆ ಇಲ್ಲ ಅಂತಲೂ ಗೊತ್ತಿರಲಿಲ್ಲ. ಅಮ್ಮನಿಗೆ ಕಳಿಸ್ತಿದ್ದೆ. ಮಾವನಿಗೆ ಕಳಿಸಬೇಕು ಅಂತ ಮಂಡೆಗೇ ಹೋಗಲಿಲ್ಲ. ಮಾವ ಅಂದ್ರೆ ಕೊಡುವವರು ಅಂತಲೇ ಇತ್ತು ಟೀಚರ್.”

ನನ್ನ ಮಂಡೆಯಲ್ಲೂ ಇದ್ದದ್ದು ಅದೇ.

ಕೋರ್ಟಿನ ದಿನ ಅಳಿಯನ ರಜೆ ಮುಗಿಯಲು ಎರಡು ದಿನ ಬಾಕಿ. ಅವತ್ತು ಮುಗಿಯದಿದ್ದರೆ ಅವನು ಮತ್ತೆ ಬರುವುದು ಒಂದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಮಾಸ್ಟ್ರು ಪುನಃ ಕೈ ಎತ್ತಿ ಶಿಕ್ಷೆಯಾಗುತ್ತದೆ, ಇಲ್ಲವೇ ವಿಚಾರಣೆ ಶುರುವಾಗಿ ನನ್ನನ್ನು ಕರೆಯುತ್ತಾರೆ. ವಕೀಲರು ರಾಜಿ ಅರ್ಜಿ ಟೈಪು ಮಾಡಿಸಿ ತಂದಿದ್ದರು. ದೂರು ಕೊಟ್ಟವನೂ ಆರೋಪಿಯೂ ಸಹಿ ಹಾಕಬೇಕು, ಕೋರ್ಟು ಒಪ್ಪಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಅಳಿಯ ಸಹಿ ಹಾಕಿದ. ಮಾಸ್ಟ್ರು ಓದಿ, ಪೆನ್ನು ಮುಚ್ಚಿ ಕೊಟ್ಟರು.

“ಇದಕ್ಕೆ ನಾನು ಹಾಕುವುದಿಲ್ಲ.”

“ಎಂತ ಮಾವ ನೀವು!” ಅಳಿಯನ ಧ್ವನಿ ಜಗಲಿಯಲ್ಲಿದ್ದವರಿಗೆಲ್ಲ ಕೇಳಿಸಿತು. “ಜೈಲಿಗೆ ಹೋಗ್ಲಿಕ್ಕೆ ಅಷ್ಟು ಆಸೆಯಾ ನಿಮಗೆ? ಅಮ್ಮನ ಮುಖ ನೋಡಿ ಒಮ್ಮೆ!”

“ಸುಳ್ಳು ಉಂಟು ಇದರಲ್ಲಿ.”

ವಕೀಲರು ಗೋಡೆಯ ಗಡಿಯಾರ ನೋಡಿದರು. ಅಕ್ಕ ಬೆಂಚಿನಲ್ಲಿ ಕುಸಿದು ಕೂತರು. ನಾನು ಆ ಕಾಗದ ಕೇಳಿ ತೆಗೆದುಕೊಂಡು ಓದಿದೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವಳು, ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದುವುದು ಅಭ್ಯಾಸ. ನಾಲ್ಕನೇ ಪ್ಯಾರಾದಲ್ಲಿತ್ತು: ಅಳಿಯನ ಮೌಖಿಕ ಅನುಮತಿಯ ಮೇರೆಗೆ ಕಾರ್ಡನ್ನು ಬಳಸಿದ್ದು, ತಪ್ಪು ತಿಳುವಳಿಕೆಯಿಂದ ದೂರು ದಾಖಲಾಗಿರುತ್ತದೆ.

“ಈ ಸಾಲು ಇಲ್ಲದಿದ್ದರೆ ರಾಜಿ ಆಗುವುದಿಲ್ವಾ?” ಎಂದು ವಕೀಲರನ್ನು ಕೇಳಿದೆ.

ಅವರು ನನ್ನನ್ನು ನೋಡಿದರು, ಕಾಗದವನ್ನು ನೋಡಿದರು. “ಆಗ್ತದೆ. ರಾಜಿಗೆ ಅದು ಬೇಕೂಂತ ಇಲ್ಲ.”

“ಮತ್ತೆ ಯಾಕೆ ಹಾಕಿದ್ದು?”

“ಮರ್ಯಾದೆಗೆ ಟೀಚರ್. ದೊಡ್ಡವರು, ಮಾಸ್ಟ್ರಾಗಿದ್ದವರು. ನಾಳೆ ಈ ಕಾಗದ ಯಾರಾದ್ರೂ ಓದಿದ್ರೆ ಒಳ್ಳೆಯದಿರಲಿ ಅಂತ.”

ಅವರು ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ. ನಮ್ಮ ಕಡೆ ಯಾರಿಗೇ ಆದರೂ ಮೊದಲು ತೋಚುವುದು ಅದೇ. ಮಾಸ್ಟ್ರನ್ನು ಕೇಳಿದೆ: “ಆ ಸಾಲು ತೆಗೆದರೆ?”

“ತೆಗೆದರೆ ಹಾಕ್ತೇನೆ. ಅವನು ಕ್ಷಮಿಸಿದ್ದಾನೆ ಅಂತ ಬರೀಲಿ. ಅದು ಸತ್ಯ. ಅವನು ಕೊಟ್ಟಿದ್ದ ಅಂತ ಬೇಡ.”

ಅಳಿಯ ಕಾಗದ ಕಿತ್ತುಕೊಂಡು ಎದುರಿನ ಟೈಪಿಂಗ್ ಅಂಗಡಿಗೆ ಓಡಿದ. ಮೂವತ್ತು ದಾಟಿದವ, ರಸ್ತೆಯಲ್ಲಿ ಎಡ ಬಲ ನೋಡದೆ ಓಡಿದ. ಒಳಗೆ ಒಂದೊಂದೇ ಕೇಸು ಕೂಗುತ್ತಿದ್ದರು. ನಾನು ಎಣಿಸುತ್ತಿದ್ದೆ. ನಮ್ಮದಕ್ಕಿಂತ ಮೊದಲಿನ ಕೇಸು ಕೂಗಿದಾಗ ಅವನು ಏದುಸಿರು ಬಿಡುತ್ತಾ ಬಂದ. ಕಾಗದ ಇನ್ನೂ ಬಿಸಿಯಿತ್ತು. ಮಾಸ್ಟ್ರು ಮೊದಲಿನಿಂದ ಕೊನೆಯವರೆಗೆ ಓದಿದರು, ನಿಧಾನವಾಗಿ. ಅವರ ಹೆಸರು ಕೂಗಿದ್ದು ಕೇಳಿಸಿತು. ಆಗ ಸಹಿ ಹಾಕಿದರು.

ಮ್ಯಾಜಿಸ್ಟ್ರೇಟರು ಅರ್ಜಿ ಓದಿ ಅಳಿಯನನ್ನು ಕೇಳಿದರು: “ಯಾರಾದ್ರೂ ಒತ್ತಾಯ ಮಾಡಿದ್ದಾರಾ?”

“ಇಲ್ಲ ಮೇಡಂ.”

“ಮಾವನ ಮೇಲೆ ಮತ್ತೆ ಏನೂ ತಕರಾರು ಇಲ್ಲವಲ್ಲ?”

“ತಕರಾರು ಬೇಕಾದಷ್ಟು ಉಂಟು ಮೇಡಂ. ಕೇಸು ಬೇಡ.”

ಈ ಸಲ ಮ್ಯಾಜಿಸ್ಟ್ರೇಟರಿಗೂ ಸ್ವಲ್ಪ ನಗು ಬಂದ ಹಾಗೆ ಕಂಡಿತು. ಖಚಿತವಾಗಿ ಹೇಳಲಾರೆ, ತಲೆ ತಗ್ಗಿಸಿ ಬರೆಯುತ್ತಿದ್ದರು. ಬಳಿಕ ಮಾಸ್ಟ್ರ ಕಡೆ ತಿರುಗಿದರು. “ನಿಮಗೆ ಒಪ್ಪಿಗೆಯಾ?”

“ನಾನು ಕೇಳದೆ ತೆಗೆದದ್ದು ಹೌದು ಮೇಡಂ.”

“ಅದನ್ನು ನಾನು ಕೇಳಲಿಲ್ಲ. ರಾಜಿಗೆ ಒಪ್ಪಿಗೆಯಾ?”

“ಒಪ್ಪಿಗೆ.”

ಅವರು ನಾಲ್ಕು ಸಾಲು ಹೇಳಿ ಬರೆಸಿದರು. ರಾಜಿ ಅಂಗೀಕರಿಸಲಾಗಿದೆ, ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಮಾಸ್ಟ್ರಿಗೆ ಮುಗಿಯಿತೆಂದು ಗೊತ್ತಾಗಲಿಲ್ಲ, ಕಟಕಟೆಯಲ್ಲೇ ನಿಂತಿದ್ದರು. “ಇಳಿಯಿರಿ ಮಾಸ್ಟ್ರೇ, ಆಯ್ತು,” ಎಂದರು ಕೆಳಗೆ ಕೂತಿದ್ದ ಗುಮಾಸ್ತರು. ಅವರೂ ಎಲ್ಲೋ ಇವರ ಹಳೆಯ ಶಿಷ್ಯರಿರಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ಯಾರು ಹಾಗೆ ಕರೆಯುತ್ತಾರೆ?

ಹೊರಗೆ ಬಂದು ಅಕ್ಕನ ಪಕ್ಕ ಬೆಂಚಿನಲ್ಲಿ ಕೂತೆ. ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ ಎಂದು ಮನಸ್ಸಿಗೆ ಎರಡು ಮೂರು ಸಲ ಹೇಳಿಕೊಂಡೆ. ಅಕ್ಕ ನನ್ನ ಕೈ ಹಿಡಿದು, “ಟೀಚರ್, ಇವತ್ತು ಊಟ ಸೇರಬಹುದು,” ಎಂದರು.

ಮಾವ ಅಳಿಯ ಇಬ್ಬರೂ ಮೆಟ್ಟಿಲ ಹತ್ತಿರ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಅವರ ಮಾತು ತುಳುವಿನಲ್ಲಿ ನಡೆಯಿತು, ನಾನು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀವು ಇನ್ನು ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು ಮಾವ,” ಎಂದ ಅಳಿಯ. “ತಿಂಗಳು ತಿಂಗಳು ಕೇಳಬೇಕು. ಒಂದು ತಿಂಗಳು ಕೇಳದಿದ್ದರೂ ನಾನು ಇನ್ನೊಂದು ಕೇಸು ಹಾಕ್ತೇನೆ. ಆಗ ರಾಜಿ ಗೀಜಿ ಇಲ್ಲ.”

ಮಾಸ್ಟ್ರು ತಲೆ ಎತ್ತಿದರು. “ಸಾಕ್ಷಿಗೆ ಯಾರು?”

“ಟೀಚರ್ ಉಂಟಲ್ಲ. ಅವರು ಒಂದು ಅಕ್ಷರ ಬಿಡುವವರಲ್ಲ.”

ಮಾಸ್ಟ್ರು ನಕ್ಕರು. ಅಳಿಯನೂ ನಕ್ಕ. ನಗುತ್ತಲೇ ಅವನು ಮಾವನ ತೋಳು ಹಿಡಿದುಕೊಂಡ. ಇಬ್ಬರೂ ಮೆಟ್ಟಿಲು ಇಳಿದು ಬಿಸಿಲಿಗೆ ಹೋದರು. ಇದು ನಾನು ನೋಡಿದ್ದು.